ಮಹಾಮಾರಿಯ ಕಾಲದಲ್ಲಿ ಕಲೆಯ ಪ್ರಯೋಜನ

೧

ಕಾವ್ಯದಿಂದ ಆಗತಕ್ಕ ಪ್ರಯೋಜನವೇನೆಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಎತ್ತಿಕೊಂಡಿದ್ದಾರೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಆರು ಪ್ರಯೋಜನಗಳನ್ನು ಎಣಿಸುತ್ತಾನೆ: ಯಶಸ್ಸು, ಅರ್ಥಲಾಭ, ವ್ಯವಹಾರಜ್ಞಾನ, ಅಮಂಗಲದ ನಾಶ, ಕೂಡಲೇ ದೊರೆಯುವ ಪರಮಾನಂದ ಮತ್ತು ಕಾಂತೆಯ ನುಡಿಯಂತೆ ಮೃದುವಾದ ಉಪದೇಶ. ಇವುಗಳಲ್ಲಿ ನಾಲ್ಕನೆಯದಕ್ಕೆ ಅವನಿಟ್ಟ ಹೆಸರು ‘ಶಿವೇತರಕ್ಷತಿ’. ಶಿವವಲ್ಲದುದು, ಎಂದರೆ ಅಮಂಗಲವಾದುದು, ಕ್ಷಯಿಸುವುದೆಂದು ಅರ್ಥ. ಇದಕ್ಕೆ ಪರಂಪರೆಯಲ್ಲಿ ಕೊಡುವ ಉದಾಹರಣೆ ಮಯೂರ ಕವಿಯದು. ಅವನು ‘ಸೂರ್ಯಶತಕ’ವನ್ನು ರಚಿಸಿ ಕುಷ್ಠರೋಗದಿಂದ ಪಾರಾದನೆಂಬುದು ಐತಿಹ್ಯ.

ತರಗತಿಯಲ್ಲಿ ಈ ಪಟ್ಟಿಯನ್ನು ಹೇಳಿಕೊಡುವಾಗ ನಾಲ್ಕನೆಯದನ್ನು ಬೇಗನೆ ದಾಟಿಬಿಡುವುದು ನಮ್ಮಲ್ಲಿ ಅನೇಕರ ರೂಢಿ. ಪದ್ಯ ಕಟ್ಟಿದರೆ ರೋಗ ವಾಸಿಯಾಗುವುದೆಂದು ವಿಜ್ಞಾನ ಓದುವ ಹುಡುಗನಿಗೆ ಹೇಳಲು ಅಧ್ಯಾಪಕನಿಗೇ ಸಂಕೋಚವಾಗುತ್ತದೆ. ಆದರೆ ೨೦೨೦ರಲ್ಲಿ ಕೊರೊನಾ ರೋಗವು ಜಗತ್ತನ್ನು ವ್ಯಾಪಿಸಿದ ಮೇಲೆ ಇದೇ ಮಾತು ಬೇರೆ ವೇಷದಲ್ಲಿ ಮರಳಿ ಬಂದಿತು. ಸಂಗೀತ ಕೇಳಿರಿ, ಚಿತ್ರ ಬರೆಯಿರಿ, ಕಥೆ ಓದಿರಿ, ಮನಸ್ಸು ಸ್ವಸ್ಥವಾಗಿರುವುದೆಂದು ಎಲ್ಲ ಕಡೆಯಿಂದಲೂ ಸಲಹೆ ಕೇಳಿಸಿತು. ರೋಗ ತಲೆದೋರುವುದಕ್ಕೆ ತುಸು ಮುಂಚೆ, ೨೦೧೯ರ ನವೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು ಇದೇ ವಿಷಯವಾಗಿ ಒಂದು ವರದಿಯನ್ನು ಹೊರತಂದಿತ್ತು. ಡೇಸಿ ಫ್ಯಾನ್‌ಕೋರ್ಟ್ ಮತ್ತು ಸೀರ್ಶಾ ಫಿನ್ ಎಂಬ ಇಬ್ಬರು ವಿದುಷಿಯರು ೩೦೦೦ಕ್ಕೂ ಮಿಕ್ಕ ಅಧ್ಯಯನಗಳ ಸಾರವನ್ನು ಅದರಲ್ಲಿ ಕೂಡಿಸಿ, ರೋಗವನ್ನು ತಡೆಯುವುದರಲ್ಲಿಯೂ ರೋಗಿಯನ್ನು ಸಂತೈಸುವುದರಲ್ಲಿಯೂ ಕಲೆಗೆ ಪಾತ್ರವುಂಟೆಂದು ತೋರಿಸಿದ್ದಾರೆ. ಮಮ್ಮಟನು ಸೂತ್ರವಾಗಿ ಹೇಳಿದುದು ಇಂದು ಅಂಕೆಸಂಖ್ಯೆಗಳ ಬೆಂಬಲದೊಡನೆ ಬಂದಿದೆ ಎನ್ನಬಹುದು.

ಹೀಗಿರಲು, ಕಲೆಯಿಂದ ಕ್ಷೇಮ ಉಂಟೇ ಎಂದು ಕೇಳುವುದರಲ್ಲಿ ಇನ್ನು ಹೆಚ್ಚಿನ ಸ್ವಾರಸ್ಯವಿಲ್ಲ. ಯಾವ ಬಗೆಯ ಕಲೆಯಿಂದ, ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಎಂದು ಕೇಳಬೇಕಾಗಿದೆ. ಕನ್ನಡದ ಕೆಲವು ಕೃತಿಗಳನ್ನೂ ನಮ್ಮ ಗಡಿನಾಡಿನ ಕೆಲವು ಕಲಾರೂಪಗಳನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೆನೆಯಬೇಕು. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ೧೯೫೬ರ ನವೆಂಬರ್ ೧ರವರೆಗೆ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಬೀದರ ಜಿಲ್ಲೆಯಿಂದ ಈಚೆಗೆ ಬಂದವು. ರಾಜ್ಯಗಳ ಗೆರೆ ಬದಲಾದರೂ ಸಂತೆ, ಬೀಗತನ, ದೇವರು ಮತ್ತು ಆಸ್ಪತ್ರೆಯ ದಾರಿಗಳು ಬದಲಾಗಲಿಲ್ಲ. ಆ ಕಡೆಯವರು ವೈದ್ಯಕ್ಕಾಗಿ ಹೈದರಾಬಾದಿಗೆ ಬರುತ್ತಾರೆ. ಈ ಕಡೆಯವರು ಹರಕೆ ಹೊತ್ತು ಕಲಬುರಗಿಗೂ ಹುಮನಾಬಾದಿಗೂ ಹೋಗುತ್ತಾರೆ. ಭಾರತದಲ್ಲಿ ಕೊರೊನಾದಿಂದ ಆದ ಮೊದಲನೆಯ ಮರಣವೆಂದು ದಾಖಲಾದುದು ಕಲಬುರಗಿಯ ೭೬ ವರ್ಷದ ಒಬ್ಬ ವೃದ್ಧರದು. ಚಿಕಿತ್ಸೆಗಾಗಿ ಅವರನ್ನು ಹೈದರಾಬಾದಿಗೆ ಕರೆತಂದು, ಮರಳಿ ಕೊಂಡೊಯ್ಯುವ ದಾರಿಯಲ್ಲಿ ೨೦೨೦ರ ಮಾರ್ಚ್ ೧೦ರಂದು ಅವರು ತೀರಿಕೊಂಡರು. ಜಹೀರಾಬಾದಿನ ದಾರಿಯಾಗಲಿ, ಪರಗಿ ಕೊಡಂಗಲ್‌ಗಳ ದಾರಿಯಾಗಲಿ, ಕಲಬುರಗಿ ಹೈದರಾಬಾದುಗಳ ನಡುವಣ ಪ್ರಯಾಣ ನಮ್ಮ ಸೀಮೆಯನ್ನು ಹಾಯದೆ ಮುಗಿಯುವುದಿಲ್ಲ. ಮಹಾಮಾರಿಯು ಭಾರತದಲ್ಲಿ ತೆಗೆದುಕೊಂಡ ಮೊದಲ ಬಲಿ ನಮ್ಮ ನಿತ್ಯದ ದಾರಿಯ ಮೇಲೆಯೇ ಬಿದ್ದಿತು.

ಮಾರ್ಚ್ ೨೫ ಯುಗಾದಿ. ದೇಶದ ಲಾಕ್‌ಡೌನ್ ಮೊದಲಾದುದೂ ಅಂದೇ. ತೆಲುಗರಿಗೂ ಕನ್ನಡಿಗರಿಗೂ ಸಮಾನವಾದ ಆ ಹಬ್ಬದಂದು ಗುಡಿಯ ಕಟ್ಟೆಯಲ್ಲಿ ಪಂಚಾಂಗ ಕೇಳಲು ಜನ ಕೂಡಲಿಲ್ಲ. ಅಲ್ಲಿಂದ ಮುಂದೆ ಜಾತ್ರೆ, ಭಜನೆ, ಬಯಲಾಟ, ಮೊಹರಮ್ಮಿನ ಕುಣಿತ ಎಲ್ಲವೂ ಒಂದೊಂದಾಗಿ ನಿಂತವು. ನಮ್ಮ ಹಳ್ಳಿಗಳಲ್ಲಿ ಕಲೆಯೆಂಬುದು ಒಬ್ಬನು ಏಕಾಂತದಲ್ಲಿ ಅನುಭವಿಸುವ ವಸ್ತುವಲ್ಲ. ಅದು ಹತ್ತು ಮಂದಿ ಕೂಡಿ, ಒಬ್ಬರ ಉಸಿರು ಒಬ್ಬರಿಗೆ ತಾಕುವಂತೆ ಕುಳಿತು ನಡೆಸುವ ಕೆಲಸ. ಅಂಥ ಕೂಟವನ್ನೇ ರೋಗವು ಅಪಾಯದ ತಾಣವನ್ನಾಗಿ ಮಾಡಿತು.

ಇದು ಬರಿಯ ಭಯವಾಗಿರಲಿಲ್ಲ. ಕಲಬುರಗಿಯ ವೃದ್ಧರು ತೀರಿಕೊಂಡ ದಿನಾಂಕದಂದೇ, ಅದೇ ಮಾರ್ಚ್ ೧೦ರ ಸಂಜೆ, ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದ ಸ್ಕ್ಯಾಜಿಟ್ ಎಂಬಲ್ಲಿ ಒಂದು ವೃಂದಗಾನದ ತಂಡ ಅಭ್ಯಾಸಕ್ಕೆ ಸೇರಿತ್ತು. ಎರಡೂವರೆ ಗಂಟೆ ಕೂಡಿ ಹಾಡಿದ ೬೧ ಮಂದಿಯಲ್ಲಿ ೫೩ ಮಂದಿಗೆ ರೋಗ ತಗಲಿತು, ಇಲ್ಲವೆ ತಗಲಿದಂತೆ ಕಂಡಿತು, ಇಬ್ಬರು ಸತ್ತರು. ಆದುದರಿಂದ ಕೂಡಿ ಹಾಡುವುದು ಆರೋಗ್ಯಕರವೆಂದು ಯಾವ ವಿಚಾರವೂ ಇಲ್ಲದೆ ಹೇಳುವಂತಿಲ್ಲ. ಸಂತೈಸುವ ಹಾಡೇ ಸೋಂಕನ್ನೂ ಹೊತ್ತು ತಂದೀತು. ಕಲೆ ಮತ್ತು ಕ್ಷೇಮಗಳ ಸಂಬಂಧವನ್ನು ಕುರಿತು ಬರೆಯುವವರು ಈ ತೊಡಕನ್ನು ಬಿಡಿಸದೆ ಮುಂದೆ ಹೋಗಬಾರದು.

೩

ರೋಗದ ಮೊದಲ ತಿಂಗಳುಗಳಲ್ಲಿ ಎಲ್ಲಕ್ಕೂ ಮಿಗಿಲಾಗಿ ಹುಟ್ಟಿದ್ದು ಉಪದೇಶದ ಕಲೆ. ಕೈ ತೊಳೆಯಿರಿ, ಮುಖಗವುಸು ಹಾಕಿರಿ, ಮನೆ ಬಿಡಬೇಡಿರಿ ಎಂಬುದನ್ನು ಹಾಡಾಗಿ, ಕಿರುನಾಟಕವಾಗಿ, ಗೋಡೆಯ ಚಿತ್ರವಾಗಿ ತಂದರು. ಇದರ ಉಪಯುಕ್ತತೆಯನ್ನು ಅಲ್ಲಗಳೆಯಲಾಗದು. ಆದರೆ ವಿಮರ್ಶಕನು ಉದ್ದೇಶ ಒಳ್ಳೆಯದೆಂದು ಕೃತಿಯನ್ನೂ ಒಳ್ಳೆಯದೆನ್ನಲಾರ. ನಮ್ಮ ಶಾಸ್ತ್ರವು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಮ್ಮಿತ. ಗೆಳೆಯನಂತೆ ತಿಳಿಹೇಳುವುದು ಸುಹೃತ್ಸಮ್ಮಿತ. ಪ್ರಿಯೆಯಂತೆ ಮನವೊಲಿಸುವುದು ಕಾಂತಾಸಮ್ಮಿತ. ಕಾವ್ಯದ ದಾರಿ ಮೂರನೆಯದು. ಅಂದಿನ ಜಾಗೃತಿಗೀತೆಗಳಲ್ಲಿ ಹೆಚ್ಚಿನವು ತಾಳಕ್ಕೆ ಕೂಡಿಸಿದ ಆಜ್ಞೆಗಳು. ದೂರವಾಣಿ ಎತ್ತಿದಾಗಲೆಲ್ಲ ಮೊದಲು ಕೆಮ್ಮು, ಆಮೇಲೆ ಎಚ್ಚರಿಕೆ ಕೇಳಿಸುತ್ತಿದ್ದುದನ್ನು ಯಾರೂ ಮರೆತಿರಲಾರರು. ಹಾಡುಗಳೂ ಅದೇ ಧ್ವನಿಯನ್ನು ಅನುಸರಿಸಿದವು. ಅವುಗಳಿಂದ ಅಭ್ಯಾಸ ಬೆಳೆದಿರಬಹುದು. ಮನಸ್ಸಿನ ಭಾರ ಇಳಿಯಲಿಲ್ಲ.

ಉಪದೇಶದ ಕಲೆ ಹೇಗಿರಬೇಕೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೦೫ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಅರಮನೆಯ ಮೂವರು ಸ್ತ್ರೀಯರನ್ನು ಕೂಡಿಸಿ ಬರೆದ ತೈಲಚಿತ್ರವದು. ಸಿಡುಬಿಗೆ ಹಾಕುವ ದೇವಿಯ ಚುಚ್ಚು ಆಗತಾನೆ ದೇಶಕ್ಕೆ ಬಂದಿತ್ತು. ಜನಕ್ಕೆ ಅದರಲ್ಲಿ ನಂಬಿಕೆಯಿರಲಿಲ್ಲ. ಚಿತ್ರದಲ್ಲಿ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸೀರೆಯ ಸೆರಗು ತುಸು ಸರಿದ ತೋಳಿನ ಕಡೆಗೆ ಬೆರಳು ತೋರುತ್ತಿದ್ದಾರೆ. ಚುಚ್ಚು ಹಾಕಿಸಿಕೊಂಡ ಸ್ಥಳವನ್ನು ತೋರುವುದೇ ಆ ಭಂಗಿಯ ಅಭಿಪ್ರಾಯವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ಅರ್ಥವನ್ನು ಒಪ್ಪಿದರೆ, ಕಾಂತಾಸಮ್ಮಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಚಿತ್ರದಲ್ಲಿ ಆಜ್ಞೆಯಿಲ್ಲ, ಬೆದರಿಕೆಯಿಲ್ಲ. ತಾನು ಮಾಡಿಸಿಕೊಂಡದ್ದನ್ನು ರಾಣಿ ಸುಮ್ಮನೆ ತೋರಿಸುತ್ತಾಳೆ. ನೋಡಿದವರು ತಾವೇ ಅರಿತುಕೊಳ್ಳುತ್ತಾರೆ.

ಕೊರೊನಾ ಕಾಲದಲ್ಲಿ ಈ ದಾರಿಗೆ ಹತ್ತಿರ ಬಂದವರು ಇನ್ನೊಂದು ಗಡಿನಾಡಾದ ಕಾಸರಗೋಡಿನವರು. ಅಲ್ಲಿನ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯವರೆಗೆ ನಡೆಯತಕ್ಕದ್ದು. ೨೦೨೦ರಲ್ಲಿ ಅದು ಮಾರ್ಚಿಯಲ್ಲಿಯೇ ಮುರಿದುಬಿದ್ದಿತು. ಆಗ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನದವರು ಕೊರೊನಾ ಜಾಗೃತಿಯ ಯಕ್ಷಗಾನವೊಂದನ್ನು ಸಿದ್ಧಪಡಿಸಿ ಮೊಬೈಲ್ ಫೋನುಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಚೆಂಡೆ, ಭಾಗವತಿಕೆ, ಅರ್ಥಗಾರಿಕೆಗಳು ಜನರಿಗೆ ನೆಂಟರ ಧ್ವನಿಯಷ್ಟು ಪರಿಚಿತವಾದವು. ಅದೇ ಧ್ವನಿಯಲ್ಲಿ ಬಂದ ಉಪದೇಶವು ಹೊರಗಿನವರ ಆಜ್ಞೆಯಂತೆ ಕೇಳಿಸುವುದಿಲ್ಲ. ಕಲಾವಿದರು ರೋಗಕ್ಕೆ ಹೊರಗಿನವರಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ವಿದ್ವಾಂಸ ಪ್ರೊ. ಎಂ. ಎ. ಹೆಗಡೆಯವರು ೨೦೨೧ರ ಏಪ್ರಿಲಿನಲ್ಲಿಯೂ, ಕವಿ ಡಾ. ಸಿದ್ದಲಿಂಗಯ್ಯನವರು ಅದೇ ವರ್ಷದ ಜೂನ್ ೧೧ರಂದೂ ಈ ರೋಗಕ್ಕೆ ತುತ್ತಾದರು.

೪

ರೋಗಕ್ಕೆ ಒಂದು ರೂಪ ಕೊಟ್ಟು ರಂಗಕ್ಕೆ ತರುವುದು ಜನಪದರ ಹಳೆಯ ಕ್ರಮ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಪ್ಲೇಗಿನ ಮಾರಿಯಮ್ಮನನ್ನು ಪ್ರತಿಷ್ಠಿಸಿದರು. ಆ ಗುಡಿಗಳು ಇಂದಿಗೂ ಇವೆ. ನಮ್ಮ ತೆಲಂಗಾಣದ ಬೋನಾಲು ಹಬ್ಬದ ಮೂಲವನ್ನೂ ಹೀಗೆಯೇ ಹೇಳುತ್ತಾರೆ. ೧೮೧೩ರಲ್ಲಿ ಹೈದರಾಬಾದು ಸಿಕಂದರಾಬಾದುಗಳಲ್ಲಿ ಸಾಂಕ್ರಾಮಿಕ ರೋಗ ಹರಡಿತ್ತು. ಉಜ್ಜಯಿನಿಯಲ್ಲಿದ್ದ ಇಲ್ಲಿನ ಸೈನಿಕರು ರೋಗ ಇಳಿದರೆ ಮಹಾಕಾಳಿಯನ್ನು ತಮ್ಮೂರಿನಲ್ಲಿ ಸ್ಥಾಪಿಸುವೆವೆಂದು ಹರಕೆ ಹೊತ್ತರು ಎಂಬುದು ಪ್ರಚಲಿತವಾದ ಕಥೆ. ಹೀಗೆ ಮಹಾಮಾರಿಯಿಂದ ಹುಟ್ಟಿತೆನ್ನುವ ಹಬ್ಬವನ್ನು ೨೦೨೦ರಲ್ಲಿ ಮಹಾಮಾರಿಯ ಕಾರಣದಿಂದಲೇ ಮನೆಯೊಳಗೆ ಆಚರಿಸಿಕೊಳ್ಳಬೇಕಾಯಿತು. ತಲೆಯ ಮೇಲೆ ಬೋನದ ಗಡಿಗೆ ಹೊತ್ತು, ಬೇವಿನೆಲೆ ಕಟ್ಟಿ ಬೀದಿ ತುಂಬುತ್ತಿದ್ದ ಹೆಂಗಸರು ಆ ವರ್ಷ ಹೊಸ್ತಿಲು ದಾಟಲಿಲ್ಲ.

ಈ ರೂಪಗಳಲ್ಲಿ ಒಂದು ಗುಣವೂ ಒಂದು ದೋಷವೂ ಇವೆ. ಗುಣವೇನೆಂದರೆ, ಕಣ್ಣಿಗೆ ಕಾಣದ ಭಯಕ್ಕೆ ಮುಖವೊಂದು ದೊರೆಯುತ್ತದೆ. ಊರು ಒಟ್ಟಾಗಿ ಆ ಮುಖವನ್ನು ನೋಡಿ, ಉಣಿಸಿ, ಬೇಡಿ ಕಳುಹಿಸುತ್ತದೆ. ಒಬ್ಬೊಬ್ಬರೇ ಹೊರಬೇಕಾಗಿದ್ದ ಅಂಜಿಕೆಯನ್ನು ಊರು ಹಂಚಿಕೊಳ್ಳುತ್ತದೆ. ಮಾರಿಯನ್ನು ದೇವಿಯೆಂದು ಕರೆದುದರಿಂದ ರೋಗಿಯೂ ಹೇಯನಾಗುವುದಿಲ್ಲ. ಅವನ ಮೈಮೇಲೆ ಅಮ್ಮನು ಬಂದಿದ್ದಾಳೆಂದು ಮನೆಯವರು ಬೇವಿನ ಸೊಪ್ಪು ಕಟ್ಟಿ ಉಪಚರಿಸುತ್ತಾರೆ. ಕೊರೊನಾವನ್ನು ಅಸುರನೆಂದು ಚಿತ್ರಿಸಿದ ಈಚಿನ ಹಾಡುಗಳಲ್ಲಿ ಈ ಸೂಕ್ಷ್ಮ ತಪ್ಪಿಹೋಯಿತು. ಅಸುರನನ್ನು ಕೊಲ್ಲಬೇಕು, ಅಸುರನು ಹೊಕ್ಕ ಮನೆಯನ್ನು ಬಹಿಷ್ಕರಿಸಬೇಕು ಎಂಬ ಭಾವ ಬಲವಾಯಿತು. ರೋಗಿಯ ಮನೆಯ ಮುಂದೆ ಬೇಲಿ ಬಿಗಿದು ನೆರೆಯವರು ಮುಖ ತಿರುಗಿಸಿದ ಕಾಲದಲ್ಲಿ ಆ ಉಪಮೆ ಯಾರಿಗೂ ಹಿತ ಮಾಡಲಿಲ್ಲ. ಒಂದು ರೂಪಕವು ಬರಿಯ ಅಲಂಕಾರವಾಗಿ ಉಳಿಯದೆ ನಡತೆಯನ್ನೂ ತಿದ್ದುತ್ತದೆ ಇಲ್ಲವೆ ಕೆಡಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ದೋಷವಾವುದೆಂದರೆ, ಮಾರಿಯನ್ನು ಕೊನೆಗೆ ಊರ ಗಡಿ ದಾಟಿಸುವುದು. ಗಡಿಯಾಚೆಗೆ ಬಿಟ್ಟುಬಂದರೆ ನಮ್ಮೂರು ಪಾರಾಯಿತು. ಮುಂದಿನ ಊರಿನ ಚಿಂತೆ ಅವರದು. ೨೦೨೦ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಕಡೆ ಕರ್ನಾಟಕವು ಕೇರಳದ ದಾರಿಗಳನ್ನು ಮುಚ್ಚಿ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಕಾಸರಗೋಡಿನ ರೋಗಿಗಳಲ್ಲಿ ಕೆಲವರು ದಾರಿ ಸಿಗದೆ ಪ್ರಾಣಬಿಟ್ಟರು. ವಿವಾದವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆಡಳಿತದ ಭಾಷೆ ಹೊಸದಾದರೂ ಅದರೊಳಗಿನ ಭಾವ ಮಾರಿಯ ಬಂಡಿಯನ್ನು ಆಚೆಗೆ ನೂಕುವ ಭಾವವೇ ಆಗಿತ್ತು. ಗಡಿಯಲ್ಲಿ ಬದುಕುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಲೆಯು ಈ ಭಾವವನ್ನು ಪೋಷಿಸುವುದೋ ಪ್ರಶ್ನಿಸುವುದೋ ಎಂಬುದು ಅದರ ಯೋಗ್ಯತೆಯನ್ನು ಅಳೆಯುವ ಒಂದು ಕಟ್ಟಳೆಯಾಗಬೇಕು.

೫

ಪ್ರಶ್ನಿಸುವ ಕಲೆಗೆ ಕನ್ನಡದಲ್ಲಿ ಶ್ರೇಷ್ಠವಾದ ಉದಾಹರಣೆ ಡಾ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫). ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪನು ಜ್ವರದಿಂದ ಸಾಯುತ್ತಾನೆ. ಹೆಣ ಇರುವವರೆಗೆ ಯಾರೂ ಉಣ್ಣುವಂತಿಲ್ಲ; ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂಬುದು ಇತ್ಯರ್ಥವಾಗುವುದಿಲ್ಲ. ಪಂಡಿತೋತ್ತಮರಾದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿಹಾಕುತ್ತಾರೆ; ಮಾರುತಿಯ ಮುಂದೆ ಕುಳಿತು ಅಪ್ಪಣೆ ಬೇಡುತ್ತಾರೆ. ಅತ್ತ ಇಲಿಗಳು ಬಿದ್ದು ಸಾಯುತ್ತವೆ. ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಶಂಖ ಜಾಗಟೆಗಳ ಸದ್ದಿನಿಂದ ಅವನ್ನು ಓಡಿಸುತ್ತಾರೆ. ಪ್ಲೇಗು ಕಣ್ಣೆದುರಿಗಿದೆ, ಆದರೆ ಅದರ ಹೆಸರನ್ನು ಹೇಳುವ ಧೈರ್ಯವಾಗಲಿ ತಿಳಿವಳಿಕೆಯಾಗಲಿ ಅಗ್ರಹಾರಕ್ಕೆ ಇಲ್ಲ. ಕಡೆಗೆ ಹೆಣಕ್ಕೆ ಬೆಂಕಿ ಕಾಣಿಸುವವಳು ಚಂದ್ರಿ. ಅವಳಿಗೆ ಗಾಡಿ ತಂದು ನೆರವಾಗುವವನು ಒಬ್ಬ ಮುಸಲ್ಮಾನ.

ಈ ಕಾದಂಬರಿಯನ್ನು ಸಂಪ್ರದಾಯದ ವಿಮರ್ಶೆಯೆಂದೂ ಅಸ್ತಿತ್ವದ ಹುಡುಕಾಟವೆಂದೂ ವಿಮರ್ಶಕರು ಬಗೆಬಗೆಯಾಗಿ ವ್ಯಾಖ್ಯಾನಿಸಿದ್ದಾರೆ. ೨೦೨೦ರ ಅನಂತರ ಓದುವಾಗ ಅದರ ಅತ್ಯಂತ ಸರಳವಾದ ಪದರವೇ ಮೇಲೆ ಬರುತ್ತದೆ. ಸತ್ತವನಿಗೆ ಸಲ್ಲಬೇಕಾದುದು ಸಲ್ಲದಿದ್ದರೆ ಬದುಕಿದವರು ಬದುಕಲಾರರು ಎಂಬುದೇ ಆ ಪದರ. ೨೦೨೦ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆದ ದೃಶ್ಯ ಹರಡಿದಾಗ ನಾಡಿಗೆ ನಾಡೇ ಬೆಚ್ಚಿತು. ಸೋಂಕಿನ ನಿಯಮ ಬೇರೆ, ಅವಮರ್ಯಾದೆ ಬೇರೆ ಎಂಬುದು ಓದುಬರಹ ಬಾರದವರಿಗೂ ಹೊಳೆಯಿತು. ಅದಕ್ಕೆ ಐವತ್ತೈದು ವರ್ಷಗಳ ಹಿಂದೆಯೇ ಒಬ್ಬ ಕಾದಂಬರಿಕಾರರು ಈ ವೇದನೆಯನ್ನು ಹೆಸರಿಟ್ಟು ಕರೆದಿದ್ದರು. ಶಂಖ ಜಾಗಟೆಗಳ ಪ್ರಸಂಗವೂ ಹಾಗೆಯೇ. ೨೦೨೦ರ ಮಾರ್ಚ್ ೨೨ರ ಸಂಜೆ ದೇಶದಾದ್ಯಂತ ತಟ್ಟೆ ಜಾಗಟೆಗಳ ಸದ್ದಾದುದು ವೈದ್ಯರು ದಾದಿಯರಿಗೆ ಕೃತಜ್ಞತೆ ತಿಳಿಸುವುದಕ್ಕಾಗಿ. ಆದರೂ ಹಲವೆಡೆ ಅದನ್ನು ರೋಗ ಓಡಿಸುವ ಸದ್ದೆಂದೇ ಜನ ಬಗೆದರು. ಭಯ ಹೆಚ್ಚಿದಾಗ ಸದ್ದು ಹಾಡಿನ ಸ್ಥಾನವನ್ನು ಆಕ್ರಮಿಸುತ್ತದೆ. ಸದ್ದು ಹದ್ದನ್ನು ಓಡಿಸೀತು. ಹೆಣಕ್ಕೆ ಗತಿ ಕಾಣಿಸಲಾರದು.

‘ಸಂಸ್ಕಾರ’ವು ಕೊರತೆಯನ್ನು ತೋರಿಸಿದರೆ, ಶ್ರೀ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦) ಇನ್ನೊಂದನ್ನು ತೋರಿಸುತ್ತದೆ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿಯೇ ಕಳೆದುಕೊಂಡ ಲೇಖಕರ ಕೃತಿಯಿದು. ನಂಜಮ್ಮನು ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸುತ್ತಾಳೆ. ಪ್ಲೇಗು ಬಂದರೆ ಊರು ತೆರವಾಗುತ್ತದೆ. ಜನ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಬೆಳೆದ ಮಗಳೂ ಮಗನೂ ಒಟ್ಟಿಗೆಂಬಂತೆ ಹೋಗಿಬಿಡುತ್ತಾರೆ. ಮುಂದೆ ನಂಜಮ್ಮನೂ ಅದೇ ರೋಗಕ್ಕೆ ಬಲಿಯಾಗುತ್ತಾಳೆ. ಇಷ್ಟು ದಾರುಣವಾದುದನ್ನು ಭೈರಪ್ಪನವರು ಹೇಳುವ ರೀತಿಯನ್ನು ನೋಡಬೇಕು. ಕಣ್ಣೀರು ತರಿಸಲೆಂದು ಒಂದು ವಿಶೇಷಣವನ್ನೂ ಹೆಚ್ಚಾಗಿ ಇಡುವುದಿಲ್ಲ. ರಾಗಿಯ ಲೆಕ್ಕ, ಎಲೆಯ ಲೆಕ್ಕ, ಕಂದಾಯದ ಲೆಕ್ಕ ಯಾವ ನಡೆಯಲ್ಲಿ ಬರುತ್ತವೋ ಸಾವೂ ಅದೇ ನಡೆಯಲ್ಲಿ ಬರುತ್ತದೆ. ಮಹಾಮಾರಿಯಲ್ಲಿ ಸಾವು ಎರಗುವುದು ಹಾಗೆಯೇ ಅಲ್ಲವೇ? ದಿನದ ಕೆಲಸ ನಿಲ್ಲುವುದಿಲ್ಲ. ಆ ಕೆಲಸದ ನಡುವೆಯೇ ಮನುಷ್ಯರು ಇಲ್ಲವಾಗುತ್ತಾರೆ. ೨೦೨೧ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದಾಗ ಇದನ್ನು ನಮ್ಮ ಪ್ರತಿಯೊಂದು ಊರೂ ಅನುಭವಿಸಿತು.

ಈ ಕಾದಂಬರಿಯಲ್ಲಿ ಭಿಕ್ಷಾನ್ನದ ಮೇಲೆ ಬದುಕುತ್ತ ಭ‌ಜನೆಯ ಪದ ಹಾಡುವ ಮಹಾದೇವಯ್ಯನವರ ಪಾತ್ರವಿದೆ. ಅವರು ಯಾವ ರೋಗವನ್ನೂ ವಾಸಿಮಾಡುವುದಿಲ್ಲ, ಯಾವ ದೊಡ್ಡ ಉಪದೇಶವನ್ನೂ ಮಾಡುವುದಿಲ್ಲ. ಅವರು ಅಲ್ಲಿರುತ್ತಾರೆ, ಅಷ್ಟೆ. ಶಾಸ್ತ್ರ ಹೇಳುವವರು ಆ ಮನೆಯಿಂದ ಸುಲಿಯುತ್ತಾರೆ, ಬಂಧುಗಳು ಬೈಯುತ್ತಾರೆ, ಹಾಡುವವರು ಮಾತ್ರ ನೆರವಾಗುತ್ತಾರೆ. ಕೊನೆಗೆ ಉಳಿದ ಮಗುವಿನ ಕೈಹಿಡಿದು ಊರು ಬಿಡುವವರೂ ಅವರೇ. ಹಾಡು ಎಲ್ಲಿತ್ತೋ ಅಲ್ಲಿಯೇ ಕರುಣೆಯೂ ಇತ್ತೆಂದು ಕಾದಂಬರಿ ಬಾಯಿಬಿಟ್ಟು ಹೇಳದೆಯೇ ತೋರಿಸುತ್ತದೆ. ‘ಸಂಸ್ಕಾರ’ದ ಪಾಂಡಿತ್ಯವು ಹೆಣದ ಎದುರಿಗೆ ಮೂಕವಾದರೆ, ಇಲ್ಲಿ ಬಡ ಹಾಡುಗಾರರ ಪದ ಮಗುವಿಗೆ ಆಶ್ರಯವಾಗುತ್ತದೆ. ಈ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಶಿವೇತರಕ್ಷತಿ ಎಂಬ ಮಾತಿಗೆ ನಂಬಬಹುದಾದ ಅರ್ಥ ಹೊಳೆಯುತ್ತದೆ. ಕಲೆಯು ರೋಗಾಣುವನ್ನು ಕೊಲ್ಲುವುದಿಲ್ಲ. ಅದು ಲಸಿಕೆಯ ಕೆಲಸ. ಭಾರತದಲ್ಲಿ ೨೦೨೧ರ ಜನವರಿ ೧೬ರಂದು ಮೊದಲಾದ ಆ ಕೆಲಸವನ್ನು ಯಾವ ಹಾಡೂ ಮಾಡಲಾರದು. ಆದರೆ ರೋಗದ ಹಿಂದೆ ಬರುವ ಇನ್ನೊಂದು ಅಮಂಗಲವಿದೆ: ಮನುಷ್ಯನು ಮನುಷ್ಯನನ್ನು ಕೈಬಿಡುವುದು. ಅದನ್ನು ಕ್ಷಯಿಸುವ ಶಕ್ತಿ ಕಲೆಗಿದೆ.

೬

ಇಲ್ಲಿಗೆ ಮೊದಲಿನ ತೊಡಕು ಮರಳಿ ಬರುತ್ತದೆ. ಕೂಡಿ ಹಾಡುವುದೇ ಅಪಾಯವಾದಾಗ ಹಾಡು ಒಬ್ಬನನ್ನು ಹೇಗೆ ಕಾಪಾಡಬೇಕು?

ನಮ್ಮ ಸೀಮೆಯ ತತ್ತ್ವಪದಗಳ ಪರಂಪರೆಯಲ್ಲಿ ಇದಕ್ಕೆ ಉತ್ತರವಿದೆಯೆಂದು ನನ್ನ ತಿಳಿವಳಿಕೆ. ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯವರ್ಗದ ಚೆನ್ನೂರ ಜಲಾಲಸಾಹೇಬರು, ತೆಲುಗಬಾಳದ ರೇವಪ್ಪನವರು ಮೊದಲಾದವರ ಪದಗಳು ಕಲಬುರಗಿ ಸೀಮೆಯ ಮಠಗಳಿಂದ ಗಡಿಯ ಈಚೆಗೂ ಹರಿದುಬಂದಿವೆ. ಹುಮನಾಬಾದಿನ ಮಾಣಿಕಪ್ರಭುಗಳು (೧೮೧೭-೧೮೬೫) ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕರಲ್ಲಿಯೂ ಪದ ಕಟ್ಟಿದರು. ಏಕತಾರಿ, ದಮ್ಮಡಿ, ತಾಳಗಳೊಡನೆ ಅಮಾವಾಸ್ಯೆಯ ರಾತ್ರಿ ಬೆಳಗಾಗುವವರೆಗೆ ಹಾಡುವ ಕ್ರಮವು ಅನೇಕ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಒಬ್ಬರು ನುಡಿ ಎತ್ತುತ್ತಾರೆ; ಉಳಿದವರು ಪಲ್ಲವಿ ಹಿಡಿಯುತ್ತಾರೆ. ಈ ಪಲ್ಲವಿಯ ಆವರ್ತನೆಯೇ ಕಲಿಕೆ. ಪುಸ್ತಕ ಮುಟ್ಟದ ಮುದುಕಿಯೂ ನೂರು ಪದ ಬಲ್ಲವಳಾಗುವುದು ಹೀಗೆ.

ಈ ಪದಗಳ ವಸ್ತುವೇ ಸಾವನ್ನು ನೇರವಾಗಿ ನೋಡುವುದು. ದೇಹವನ್ನು ಬಾಡಿಗೆಯ ಮನೆಯಾಗಿ, ಒಡೆಯುವ ಗಡಿಗೆಯಾಗಿ, ದಾಟಬೇಕಾದ ಹೊಳೆಯಾಗಿ ಕಾಣುವುದು ಈ ಪರಂಪರೆಗೆ ಸಹಜ. ಸಾವೆಂಬ ಮಾತನ್ನು ಮನೆಯಲ್ಲಿ ಆಡಬಾರದೆಂದು ಅಂಜುವ ಕಾಲದಲ್ಲಿ, ಅದನ್ನು ರಾಗಕ್ಕೆ ಹಚ್ಚಿ ನಿತ್ಯದ ಮಾತನ್ನಾಗಿ ಮಾಡಿಕೊಂಡ ಜನರಿವರು. ಆದುದರಿಂದ ಈ ಹಾಡುಗಳು ರೋಗ ಬಂದ ಮೇಲೆ ಹಂಚುವ ಗುಳಿಗೆಗಳಾಗಿರಲಿಲ್ಲ. ಬರುವುದಕ್ಕೆ ಬಹಳ ಮುಂಚೆಯೇ ಕೇಳಿದವರ ಒಳಗೆ ಇಳಿದಿದ್ದವು.

ವಾರ್ಡಿನ ಹಾಸಿಗೆಯಲ್ಲಿ ಒಬ್ಬನೇ ಮಲಗಿದ ರೋಗಿಯನ್ನು ಊಹಿಸಿಕೊಳ್ಳಿರಿ. ಬಂಧುಗಳಿಗೆ ಒಳಗೆ ಪ್ರವೇಶವಿಲ್ಲ. ದಾದಿಯ ಮುಖವೂ ಕಾಣದಂತೆ ಮುಸುಕು ಹಾಕಿದೆ. ಆಕೆಯ ಮಾತು ತೆಲುಗು ಅಥವಾ ಉರ್ದು. ಫೋನಿನ ಕಸುವು ಇಳಿದುಹೋಗಿದೆ. ಆ ಹೊತ್ತಿನಲ್ಲಿ ಅವನ ಬಳಿಯಿರುವ ಕಲೆ ಯಾವುದು? ಕಂಠದಲ್ಲಿ ಇರುವುದಷ್ಟೇ. ಎಷ್ಟೋ ಅಮಾವಾಸ್ಯೆಗಳಲ್ಲಿ ಹತ್ತು ಜನರೊಡನೆ ಹಾಡಿದ ಪದವು ಆಗ ಅವನೊಬ್ಬನ ಬಾಯಲ್ಲಿ ಮೆಲ್ಲನೆ ಏಳುತ್ತದೆ. ಹತ್ತು ಜನ ಇಲ್ಲದಿದ್ದರೂ ಅವರ ಪಲ್ಲವಿ ಅವನ ಕಿವಿಯಲ್ಲಿ ಇರುತ್ತದೆ. ಕೂಡಿ ಹಾಡುವುದರ ಫಲವು ಒಂಟಿಯಾದಾಗ ಕೈಗೆ ಬರುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಸುಖದ ಕಾಲದಲ್ಲಿ ಒಟ್ಟಿಗೆ ಹಾಡದವನಿಗೆ ಕಷ್ಟದ ಕಾಲದಲ್ಲಿ ಒಬ್ಬನೇ ಹಾಡಿಕೊಳ್ಳಲು ಏನೂ ಇರುವುದಿಲ್ಲ.

ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಈ ಮಾತಿಗೆ ಪುಷ್ಟಿಯನ್ನೂ ಎಚ್ಚರಿಕೆಯನ್ನೂ ಕೊಡುತ್ತದೆ. ಕಾಫಿಯ ತೋಟದ ಜ್ವರ ಹಿಡಿದು ಬಂದ ಮಗ ಸಾಯುತ್ತಾನೆ. ಮತ್ತೊಬ್ಬನು ನೀರಿನಲ್ಲಿ ಮುಳುಗುತ್ತಾನೆ. ಎಲ್ಲವನ್ನೂ ಕಳೆದುಕೊಂಡ ಚೋಮನು ಕಡೆಗೆ ಒಬ್ಬನೇ ಗುಡಿಸಲಿನಲ್ಲಿ ದುಡಿ ಬಾರಿಸುತ್ತ ಪ್ರಾಣಬಿಡುತ್ತಾನೆ. ಅವನ ಮಾನವನ್ನು ಕೊನೆಯವರೆಗೂ ಉಳಿಸಿದ್ದು ಆ ದುಡಿ. ಆದರೆ ಅದು ಅವನಿಗೆ ತುಂಡು ಭೂಮಿಯನ್ನು ಕೊಡಿಸಲಿಲ್ಲ, ಮಗನ ಜ್ವರವನ್ನು ಇಳಿಸಲಿಲ್ಲ. ಕಲೆಯಿಂದ ಬಡವರು ಸಮಾಧಾನ ಪಡಲಿ, ಔಷಧವೂ ಅನ್ನವೂ ಉಳ್ಳವರಿಗಿರಲಿ ಎಂದು ಯಾರಾದರೂ ವಾದಿಸಿದರೆ ಚೋಮನ ದುಡಿಯ ಸದ್ದೇ ಅದಕ್ಕೆ ಉತ್ತರ. ಹದಿನಾಲ್ಕನೆಯ ಶತಮಾನದ ಇಟಲಿಯ ಬೊಕಾಚಿಯೊ ತನ್ನ ‘ಡೆಕಮೆರಾನ್’ನಲ್ಲಿ ಪ್ಲೇಗಿಗೆ ಅಂಜಿ ಫ್ಲಾರೆನ್ಸ್ ಬಿಟ್ಟು ತೋಟದ ಮನೆ ಸೇರಿದ ಹತ್ತು ಮಂದಿ ನೂರು ಕಥೆ ಹೇಳಿಕೊಂಡುದನ್ನು ಬರೆದಿದ್ದಾನೆ. ಕಥೆಗಳು ಸೊಗಸಾಗಿವೆ, ಆದರೆ ತೋಟದ ಮನೆ ಎಲ್ಲರಿಗೂ ಇರುವುದಿಲ್ಲವೆಂಬುದನ್ನು ಮರೆಯಬಾರದು. ೨೦೨೦ರಲ್ಲಿ ಆ ತೋಟದ ಮನೆಯ ಸ್ಥಾನವನ್ನು ಒಳ್ಳೆಯ ಫೋನೂ ಅದಕ್ಕೆ ಹಾಕಿಸುವ ಹಣವೂ ಆಕ್ರಮಿಸಿದವು. ಕಂಠಸ್ಥವಾದ ಹಾಡಿಗೆ ಅಂಥ ಖರ್ಚಿಲ್ಲ ಎಂಬುದು ಅದರ ಇನ್ನೊಂದು ಹೆಚ್ಚಳ.

೭

ಈ ವಿವೇಚನೆಯಿಂದ ಉಪಾಧ್ಯಾಯರಾದ ನಮಗೆ ಬರುವ ಹೊಣೆ ಸ್ಪಷ್ಟವಾಗಿದೆ. ಬಾಯಿಪಾಠವನ್ನು ಹಳೆಯ ಪದ್ಧತಿಯ ದೋಷವೆಂದು ಕೈಬಿಟ್ಟು ಬಹಳ ಕಾಲವಾಯಿತು. ಅರ್ಥವಿಲ್ಲದ ಬಾಯಿಪಾಠವನ್ನು ಬಿಟ್ಟದ್ದು ಸರಿಯೇ. ಆದರೆ ಅದರೊಂದಿಗೆ ಅರ್ಥವುಳ್ಳ ಪದಗಳ ಕಂಠಪಾಠವೂ ಹೊರಟುಹೋಯಿತು. ಗಡಿಭಾಗದ ಕನ್ನಡ ಶಾಲೆಯ ಮಗು ಬದುಕಿಗಾಗಿ ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯತಕ್ಕದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿ ಸತ್ತಾಗ ಅಳುವುದಕ್ಕೆ, ಕತ್ತಲೆಯಲ್ಲಿ ಅಂಜಿದಾಗ ಗುನುಗುವುದಕ್ಕೆ ಮನೆಯ ಮಾತಿನ ಹಾಡು ಬೇಕು. ಅದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲವಾದುದರಿಂದ ಅದನ್ನು ಕಲಿಸುವ ಕೆಲಸ ನಮ್ಮ ಇಚ್ಛೆಗೆ ಸೇರಿದ್ದಾಗಿದೆ.

ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಒಂದೊಂದು ಮಗುವಿಗೂ ತನ್ನ ಊರಿನ ಹತ್ತು ಪದಗಳಾದರೂ ಕಂಠಸ್ಥವಾಗಿರಬೇಕೆಂಬುದು ನನ್ನ ಸೂಚನೆ. ಅವು ಪಠ್ಯಪುಸ್ತಕದವೇ ಆಗಬೇಕಾಗಿಲ್ಲ. ತತ್ತ್ವಪದ, ಬೀಸುವ ಪದ, ಮೊಹರಮ್ಮಿನ ಪದ, ತಾಯಿ ತೆಲುಗಿನವಳಾದರೆ ಆಕೆಯ ತೆಲುಗು ಪಾಟ, ಎಲ್ಲವೂ ಸಲ್ಲತಕ್ಕವೇ. ಹಾಡುವವರನ್ನು ಶಾಲೆಗೆ ಕರೆಸಬೇಕು. ಮಕ್ಕಳು ಪಲ್ಲವಿ ಹಿಡಿಯಬೇಕು. ಬಯಲಿನಲ್ಲಿ ಮರದ ಕೆಳಗೆ ಕುಳಿತರೆ ರೋಗದ ಕಾಲದಲ್ಲಿಯೂ ಅಪಾಯ ಕಡಮೆ.

ಎರಡನೆಯದು ಸಂಶೋಧನೆಯ ಕೆಲಸ, ಮತ್ತು ಅವಸರದ ಕೆಲಸ. ಪ್ಲೇಗು, ಕಾಲರಾ, ಸಿಡುಬುಗಳ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದುದನ್ನು ಹಿರಿಯರಿಂದ ಕೇಳಿ ಬಲ್ಲವರು ಇನ್ನೂ ಕೆಲವರಿದ್ದಾರೆ. ಮಾರಿಯನ್ನು ಕಳುಹಿಸುವಾಗ ಹಾಡುತ್ತಿದ್ದ ಪದಗಳು ಅವರ ನೆನಪಿನಲ್ಲಿವೆ. ಅವರೊಡನೆಯೇ ಅವು ಹೋಗಿಬಿಡುವುದಕ್ಕೆ ಮುಂಚೆ ಬರೆದಿಟ್ಟುಕೊಳ್ಳಬೇಕು. ಹಾಗೆಯೇ ೨೦೨೦ ಮತ್ತು ೨೦೨೧ರಲ್ಲಿ ನಮ್ಮ ಊರುಗಳಲ್ಲಿ ತೀರಿಕೊಂಡವರಿಗೆ ಅವರ ಮನೆಯ ಹೆಂಗಸರು ಕಟ್ಟಿ ಅತ್ತ ಸೊಲ್ಲುಗಳನ್ನು ಅವರ ಒಪ್ಪಿಗೆ ಪಡೆದು ಸಂಗ್ರಹಿಸಬೇಕು. ಸಂಸ್ಕಾರ ಕಾಣದೆ ಹೋದ ಎಷ್ಟೋ ಹೆಣಗಳಿಗೆ ಸಂದ ಮರ್ಯಾದೆ ಆ ಸೊಲ್ಲುಗಳೊಂದೇ.

ಈ ಮಹಾಮಾರಿಯ ದೊಡ್ಡ ಕಾದಂಬರಿಯನ್ನು ಯಾರು ಬರೆಯುವರೋ, ಎಂದು ಬರೆಯುವರೋ ಹೇಳಲಾಗದು. ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗನು ‘ಗೃಹಭಂಗ’ ಬರೆಯಲು ಹಲವು ದಶಕಗಳು ಬೇಕಾದವು. ಅಂಥ ಬರಹಗಾರರು ಇಂದು ನಮ್ಮಲ್ಲಿಯೇ ಯಾವುದಾದರೊಂದು ಶಾಲೆಯ ಐದನೆಯ ತರಗತಿಯಲ್ಲಿ, ತಂದೆಯೋ ತಾಯಿಯೋ ಇಲ್ಲದೆ ಕುಳಿತಿರಬಹುದು. ಆ ಮಗುವಿಗೆ ಮಾತು ಕೊಡುವ ಕೆಲಸ ನಮ್ಮದು. ಸಂಘದ ಪ್ರತಿಯೊಬ್ಬ ಸದಸ್ಯರೂ ಬರುವ ಬೇಸಿಗೆಯ ರಜೆಯೊಳಗೆ ತಮ್ಮ ಊರಿನಿಂದ ಒಂದೊಂದು ಪದವನ್ನು, ಹಾಡಿದವರ ವಯಸ್ಸು, ಕಲಿತ ಬಗೆ, ಹಾಡುವ ಸಂದರ್ಭಗಳೊಡನೆ ಬರೆದು ತಂದರೆ ಕೆಲಸಕ್ಕೆ ಮೊದಲಾಯಿತೆಂದು ತಿಳಿಯೋಣ.